ಹಾಲು ಅಂತ ತಿದ್ದೋದಿಲ್ವಾ ಮೇಡಂ?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಾಸನದ ನಮ್ಮದೇ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕನ್ನಡ ಮೇಡಂ ಆದ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. "ಫಸ್ಟ್ ಇಯರ್ ಮಕ್ಕಳಿಗೆ ಮನೆ ಮಾತಲ್ಲೇ ಬರೀರಿ ಅಂತೀರಂತೆ? ತಪ್ಪು ತಿದ್ದೋದೇ ಇಲ್ವಂತೆ?" ಹೋದ ವರ್ಷ ಒಬ್ಬ ಹುಡುಗನ ತಂದೆ ಅರಕಲಗೂಡು ಕಡೆಯಿಂದ ಬಂದು ಎದುರಿಗೆ ಕೂತು ನೇರವಾಗಿಯೇ ಕೇಳಿದರು. "ಹಳ್ಳಿ ಮಾತು ನಾವೇ ಕಲಿಸಿದೀವಲ್ಲ ಮೇಡಮ್ಮೋರೆ. ಅದಕ್ಕೆ ಫೀಸು ಕಟ್ಟಿ ಆಸ್ನಕ್ಕೆ ಯಾಕೆ ಕಳಿಸ್ಬೇಕಿತ್ತು?"

ಅವತ್ತು ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಟೀ ತರಿಸಿ ಕೊಟ್ಟು ಕಳಿಸಿದೆ.

ತಿದ್ದುತ್ತೇನೆ. ಮೊದಲನೇ ದಿನ ತಿದ್ದೋದಿಲ್ಲ, ಅಷ್ಟೇ. ಯಾಕೆ ಅಂತ ಹೇಳೋಕೆ ನನ್ನದೇ ಒಂದು ಹಳೇ ಎಡವಟ್ಟು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತು. 'ನನ್ನ ಬೆಳಗು' ಅಂತ ಬರೆಯಲು ಹೇಳಿದ್ದೆ. ಒಬ್ಬ ಬರೆದಿದ್ದ: 'ಐದು ಗಂಟೆಗೆ ಎದ್ದು ಅಮ್ಮನ ಜೊತೆ ಡೈರಿಗೆ ಆಲು ಹಾಕಕ್ಕೆ ಹೋಗ್ತೀನಿ.' ಹಾಸನ ಮೊದಲೇ ಆಲೂಗಡ್ಡೆಗೆ ಹೆಸರಾದ ಜಿಲ್ಲೆ. ನಾನು ಅದನ್ನು ಗಟ್ಟಿಯಾಗಿ ಓದಿ, "ಡೈರಿಯವರು ಆಲೂಗಡ್ಡೆ ತಗೊಳ್ಳೋಕೆ ಯಾವಾಗ ಶುರು ಮಾಡಿದ್ರಪ್ಪ?" ಅಂದೆ. ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ. ಮುಂದಿನ ಸಲ ಅವನು ಕೊಟ್ಟ ಹಾಳೆಯಲ್ಲಿ 'ಹೈನುಗಾರಿಕೆಯು ಗ್ರಾಮೀಣ ಆರ್ಥಿಕತೆಯ ಬೆನ್ನೆಲುಬಾಗಿದೆ' ಅಂತಿತ್ತು. ಒಂದಕ್ಷರ ತಪ್ಪಿಲ್ಲ. ಅಮ್ಮನೂ ಇಲ್ಲ, ಐದು ಗಂಟೆಯೂ ಇಲ್ಲ. ಯಾವುದೋ ಗೈಡಿನಿಂದ ಇಳಿಸಿದ್ದ. ನಾನು ಹತ್ತಕ್ಕೆ ಏಳು ಕೊಟ್ಟೆ! ಮೂರು ವರ್ಷ ಅವನು ಆ ಗೈಡು ಬಿಟ್ಟು ಆಚೆ ಬರಲೇ ಇಲ್ಲ.

ಹೆದರಿದ ಮಕ್ಕಳು ಇನ್ನೊಂದು ದಾರಿ ಹಿಡಿಯುವುದೂ ಉಂಟು. 'ಹ' ಬಿಟ್ಟರೆ ಬೈಸಿಕೊಳ್ಳುತ್ತೇವೆ ಅಂತ ಬೇಡದ ಕಡೆಗೂ ಹಾಕಿಬಿಡುತ್ತಾರೆ. ಅಕ್ಕಿ ರೊಟ್ಟಿ ಹೋಗಿ ಹಕ್ಕಿ ರೊಟ್ಟಿ ಆಗುತ್ತದೆ. ಇದನ್ನು ದಡ್ಡತನ ಅನ್ನೋರಿದ್ದಾರೆ. ನನಗೆ ಹಾಗನ್ನಿಸೋದಿಲ್ಲ. 'ಹ' ಎಲ್ಲೋ ಬರಬೇಕು ಅಂತ ಅವನಿಗೆ ಗೊತ್ತು, ಎಲ್ಲಿ ಅನ್ನೋದಷ್ಟೇ ಗೊತ್ತಿಲ್ಲ.

ಇದನ್ನೇ ತುಂಬ ದೂರದಲ್ಲಿ ಒಬ್ಬ ಟೀಚರ್ ಕಂಡುಕೊಂಡಿದ್ದರು. ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಬರವಣಿಗೆಗೇ ಅಂತ ಒಂದು ಕೋರ್ಸು ಇರುತ್ತದೆ. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದ ಊರಿನ ಮಕ್ಕಳಿಗೆಲ್ಲ ಬಾಗಿಲು ತೆರೆದಾಗ, ಅದರ ಸಿಟಿ ಕಾಲೇಜಿಗೆ ಮನೆಯಲ್ಲಿ ಬೇರೆ ಥರದ ಇಂಗ್ಲಿಷು ಅಥವಾ ಬೇರೆ ಭಾಷೆಯನ್ನೇ ಆಡುವ ಮಕ್ಕಳು ರಾಶಿ ರಾಶಿ ಬಂದರು. ಅಲ್ಲಿದ್ದ ಮೀನಾ ಶಾಗ್ನೆಸ್ಸಿ ಅಂಥವರ ಸುಮಾರು 4000 ಪ್ರಬಂಧ ಓದಿದರು. ಈ ತಪ್ಪುಗಳು ಸೋಮಾರಿತನದವಲ್ಲ, ಅವುಗಳ ಹಿಂದೆ ಒಂದು ಲೆಕ್ಕಾಚಾರ ಇದೆ ಅಂದರು. 1974ರಲ್ಲಿ ಅಲ್ಲಿನ ಬರವಣಿಗೆ ಮೇಷ್ಟ್ರುಗಳ ಸಂಘ, ವಿದ್ಯಾರ್ಥಿಗೆ ತನ್ನ ಮಾತಿನ ಮೇಲೆ ಹಕ್ಕಿದೆ ಅಂತ ಠರಾವನ್ನೇ ಮಾಡಿತು. ಹಾಗಾದರೆ ತಿದ್ದಬೇಕೋ ಬೇಡವೋ ಅಂತ ಅಲ್ಲೂ ಜಗಳ ನಿಂತಿಲ್ಲ. ನಮ್ಮ ಸ್ಟಾಫ್ ರೂಮಿನ ಥರಾನೇ.

ಈಗ ನಾನು ಮಾಡುವುದು ಇಷ್ಟು. ಮೊದಲ ವಾರ, "ನಿಮ್ಮ ಮನೆಯಲ್ಲಿ ಆಡುವ, ಪಠ್ಯಪುಸ್ತಕದಲ್ಲಿ ಕಾಣದ ಒಂದು ಪದ ತನ್ನಿ, ಅದರ ಮೇಲೆ ಒಂದು ಪುಟ ಬರೀರಿ" ಅನ್ನುತ್ತೇನೆ. 'ನಿಮ್ಮ ಸಂಸ್ಕೃತಿ ಬಗ್ಗೆ ಬರೀರಿ' ಅಂತ ಕೇಳೋದು ಬಿಟ್ಟಿದ್ದೇನೆ. ಹಾಗೆ ಕೇಳಿದರೆ ಅರವತ್ತರಲ್ಲಿ ಐವತ್ತು ಜನ ಬೇಲೂರು, ಹಳೇಬೀಡಿನ ಶಿಲ್ಪಕಲೆ ಬರೆದುಕೊಡುತ್ತಾರೆ. ಇನ್ನೂ ಒಂದು ಕಾರಣ ಇದೆ. ನಮ್ಮಲ್ಲಿ ಮನೆ ಮಾತು ಯಾವುದು ಅಂತ ಕೇಳೋದು ಎಷ್ಟೋ ಸಲ ಜಾತಿ ಕೇಳಿದ ಹಾಗೇ. ಅರಸೀಕೆರೆ ಕಡೆ ತಾಂಡಾದಿಂದ ಬಂದ ಒಬ್ಬ ಹುಡುಗ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಅಂತ ಬರೆದಿದ್ದ. ಫೋನಿನಲ್ಲಿ ತಾಯಿ ಜೊತೆ ಲಂಬಾಣಿ ಮಾತಾಡುವಾಗ ಮೆಟ್ಟಿಲ ಕೆಳಗೆ ಹೋಗುತ್ತಿದ್ದ. ಅಂಥವನನ್ನು ಎಬ್ಬಿಸಿ ನಿಲ್ಲಿಸಿ ನಿನ್ನ ಅಸ್ಮಿತೆ ಹೇಳಪ್ಪ ಅನ್ನೋಕಾಗುತ್ತಾ? ಪದ ಅಂದರೆ ಅವನೇ ಆರಿಸಿಕೊಳ್ಳುತ್ತಾನೆ. ಎಷ್ಟು ತೋರಿಸಬೇಕೋ ಅಷ್ಟೇ ತೋರಿಸುತ್ತಾನೆ.

ಹೋದ ವರ್ಷ ಸಕಲೇಶಪುರದ ಕಡೆಯ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಇಬ್ಬರೂ ಕಾಫಿ ಎಸ್ಟೇಟಿನಲ್ಲಿ ಕೆಲಸ. ಮನೇಲಿ ತಮಿಳು. ಕ್ಲಾಸಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಪದ ತಾರಮ್ಮ ಅಂದರೆ 'ಕಾಯಕ' ಅಂತ ಬರೆದು, ಕೆಳಗೆ ಗೈಡಿನ ಒಂದು ಪುಟ ಇಳಿಸಿದ್ದಳು. ನಾನು ಏನೂ ಅನ್ನಲಿಲ್ಲ.

ಎರಡನೇ ವಾರ ನಾನು ಬೋರ್ಡಿನ ಮೇಲೆ ಹಲ್ಮಿಡಿ ಬರೆಯುತ್ತೇನೆ. ನಮ್ಮ ಬೇಲೂರು ತಾಲ್ಲೂಕಿನದೇ ಊರು. ಅಲ್ಲಿ ಸಿಕ್ಕ ಶಾಸನ ಕ್ರಿ.ಶ. 450ರ ಸುಮಾರಿನದು, ಕನ್ನಡದ ತೀರ ಹಳೆಯ ಬರಹಗಳಲ್ಲಿ ಒಂದು. ಈಗ ಊರಿನಲ್ಲಿರೋದು ನಕಲು. ಹದಿನಾರು ಸಾಲಿನಲ್ಲಿ ಸಂಸ್ಕೃತದ ಪದಗಳೇ ಜಾಸ್ತಿ. ಅವುಗಳ ನಡುವೆ ವಿಜ ಅರಸನಿಗೆ 'ಬಾಳ್ಗಳ್ಚು', ಅಂದರೆ ಕತ್ತಿ ತೊಳೆಯುವ ಕೊಡುಗೆಯಾಗಿ, ಎರಡು ಊರು 'ಕೊಟ್ಟಾರ್' ಅಂತ ಇದೆ. ಅದರಲ್ಲಿ ಒಂದು ಊರು ಪಲ್ಮಡಿ. ಅದೇ ಇವತ್ತಿನ ಹಲ್ಮಿಡಿ. ಹಳಗನ್ನಡದ 'ಪ' ಆಮೇಲಾಮೇಲೆ 'ಹ' ಆಯಿತು. ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು, ಪೂ ಹೂವಾಯಿತು. ನಮ್ಮ ಕಡೆಯ ಬಾಯಲ್ಲಿ ಆ 'ಹ'ವೂ ಉದುರಿತು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಆಸ್ನ ಆಸ್ನ' ಅಂತ ಕೂಗೋದು ಕೇಳಿಲ್ವಾ?

ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದೆ. ಪಾಲ್. ಹಾಲು. ಆಲು.

"ಮೇಲಿಂದು ಈಗ ಯಾರೂ ಅನ್ನಲ್ಲ" ಅಂದೆ.

"ನಮ್ಮನೇಲಿ ಅಂತೀವಿ ಮೇಡಂ" ಅಂತ ಹಿಂದಿನ ಬೆಂಚಿನಿಂದ ಸಣ್ಣ ದನಿ ಬಂತು. ಆ ಹುಡುಗಿ. "ಅಮ್ಮ ಪಾಲ್ ಅಂತಾನೇ ಅನ್ನೋದು."

ಎಲ್ಲರೂ ತಿರುಗಿ ನೋಡಿದರು. ತುಳು ಆಡುವ ಹುಡುಗನೊಬ್ಬ, "ನಮ್ಮದು ಪೇರ್" ಅಂದ. ಆಮೇಲೆ ಕ್ಲಾಸು ನನ್ನ ಕೈಯಲ್ಲಿರಲಿಲ್ಲ, ಸಂತೆ ಆಯಿತು. ಪಕ್ಕದ ಕ್ಲಾಸಿನಿಂದ ಅಕೌಂಟ್ಸ್ ಮೇಷ್ಟ್ರು ಬಂದು ಇಣುಕಿ ಹೋದರು.

ಮುಂದಿನ ಸೋಮವಾರ ಅವಳು ಕೊಟ್ಟ ಪುಟದ ಮೇಲೆ 'ಲೈನ್' ಅಂತಿತ್ತು. ಎಸ್ಟೇಟಿನ ಕೆಲಸದವರ ಸಾಲು ಮನೆಗೆ ಹಾಗನ್ನುತ್ತಾರೆ. 'ನಮ್ಮ ಲೈನಲ್ಲಿ ಎಂಟು ಮನೆ. ಗೋಡೆ ಒಂದೇ. ಪಕ್ಕದ ಮನೆ ತಾತ ಕೆಮ್ಮಿದರೆ ನಮ್ಮ ಅಪ್ಪ ನೀರು ಕುಡೀರಿ ಅಂತ ಇಲ್ಲಿಂದಾನೇ ಹೇಳ್ತಾರೆ. ಹಣ್ಣು ಕುಯ್ಯೋ ಟೈಮಲ್ಲಿ ಸಂಜೆ ತೂಕ ಹಾಕುವಾಗ ಅಮ್ಮ ಮಾತಾಡಲ್ಲ, ಮುಳ್ಳು ನೋಡ್ತಾಳೆ.' ಕಾಗುಣಿತದ ತಪ್ಪು ಹನ್ನೊಂದಿದ್ದವು. ಎಣಿಸಿದ್ದೇನೆ.

ಆ ಹನ್ನೊಂದನ್ನೂ ತಿದ್ದಿಸಿದೆ. ಮೂರನೇ ಸಲದ ಬರಹದಲ್ಲಿ, ಅವಳನ್ನೇ ಪಕ್ಕ ಕೂರಿಸಿಕೊಂಡು. ಪರೀಕ್ಷೆಯಲ್ಲಿ 'ಆಲು' ಬರೆದರೆ ಮಾರ್ಕ್ಸ್ ಹೋಗುತ್ತದೆ, ಕೆಲಸಕ್ಕೆ ಹಾಕುವ ಅರ್ಜಿಯಲ್ಲಿ ಬರೆದರೆ ಕೆಲಸವೇ ಹೋಗುತ್ತದೆ. ಅದನ್ನು ಮಕ್ಕಳಿಂದ ಮುಚ್ಚಿಡೋದು ದೊಡ್ಡ ಮೋಸ. ಆದರೆ ತಿದ್ದೋಕೆ ಮೊದಲು ಹಾಳೆಯ ಮೇಲೆ ಏನಾದರೂ ಇರಬೇಕಲ್ವಾ? ಅರವತ್ತು ಮಕ್ಕಳು, ಒಬ್ಬೊಬ್ಬರದು ಮೂರು ಸಲ ಅಂದರೆ ನೂರ ಎಂಬತ್ತು ಪುಟ. ಸೆಮಿಸ್ಟರಿಗೆ ಎರಡು ಬರಹಕ್ಕಿಂತ ಜಾಸ್ತಿ ನನ್ನ ಕೈಲಾಗೋದಿಲ್ಲ. ಉಳಿದದ್ದು ಎಲ್ಲರ ಹಾಗೇ ಪಠ್ಯ, ನೋಟ್ಸು, ಇಂಟರ್ನಲ್ಸು.

ಅರಕಲಗೂಡಿನ ಆ ತಂದೆಯ ಮಗ ಬರೆದದ್ದೂ ಅಮ್ಮ ಡೈರಿಗೆ ಹೋಗುವ ವಿಷಯವೇ. ಈ ಸಲ ನಾನು ನಗಲಿಲ್ಲ. ಮೂರನೇ ಸಲ ಬರೆದು ತಂದಾಗ, ಅಮ್ಮ ಮಾತಾಡುವ ಕಡೆ 'ಆಲು' ಹಾಗೇ ಇತ್ತು. ಅವನು ಹೇಳುವ ಕಡೆಯೆಲ್ಲ 'ಹಾಲು'. "ಯಾಕಪ್ಪ ಎರಡು ಥರ?" ಅಂದೆ. "ನಮ್ಮಮ್ಮ ಆಲು ಅಂತಾರೆ ಮೇಡಂ, ಅದನ್ನ ಹಾಲು ಅಂತ ಬರೆದ್ರೆ ಬೇರೆ ಯಾರೋ ಮಾತಾಡ್ದಂಗಾಗುತ್ತೆ" ಅಂದ.

ಕೊನೇ ಸಾಲಿನಲ್ಲಿ ಮಾತ್ರ ತಾನೇ 'ಆಕಳು ಆಲು ಕೊಡಲಿಲ್ಲ' ಅಂತ ಬರೆದಿದ್ದ. ಕೆಂಪು ಪೆನ್ನಿನಲ್ಲಿ ಒಂದು 'ಹ' ಬರೆದು ಕೊಟ್ಟೆ.