ಸೊಪ್ಪಿನಿಂದ ಲಡಿಯವರೆಗೆ: ಶಿಡ್ಲಘಟ್ಟದ ರೇಷ್ಮೆ ಚಿತ್ರಮಾಲೆ ಎಲ್ಲಿಗೆ ಬಂತು

ಚಿಕ್ಕಬಳ್ಳಾಪುರದ ನಮ್ಮ ಮಹಿಳಾ ಫೋಟೊಗ್ರಫಿ ಕ್ಲಬ್ಬಿನ ರೇಷ್ಮೆ ಚಿತ್ರಮಾಲೆಯಲ್ಲಿ ಹುಳುಮನೆ ಮತ್ತು ಚಂದ್ರಿಕೆಯ (ಹುಳುಗಳನ್ನು ಗೂಡು ಕಟ್ಟಲು ಬಿಡುವ ತಟ್ಟಿ) ಭಾಗಗಳು ಮುಗಿದಿವೆ. ನೂಲು ಬಿಚ್ಚುವ ಘಟಕದ ಕೆಲಸ ಅರ್ಧಕ್ಕೆ ಬಂದಿದೆ, ನೂಲಿಗೆ ಹುರಿ ಹಾಕುವ ಮಿಲ್ಲಿನದು ಬಾಕಿ ಇದೆ. ರೇಷ್ಮೆ ಅಂದ ಕೂಡಲೇ ಎಲ್ಲರೂ ತೋರಿಸುವುದು ಸೀರೆಯನ್ನು. ಸೊಪ್ಪು ಹಾಕುವ, ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳು ಆರಿಸುವ, ಬಿಸಿನೀರಿನಲ್ಲಿರುವ ಗೂಡಿನಿಂದ ಎಳೆ ಎತ್ತುವ ಹೆಂಗಸರ ಕೈಗಳು ಯಾವ ಚಿತ್ರದಲ್ಲೂ ಸಿಗುವುದಿಲ್ಲ. ಆ ಕೈಕೆಲಸ ಹಂತಹಂತವಾಗಿ ಕಾಣಬೇಕು, ನೋಡಿದವರಿಗೆ ಕೆಲಸ ಅರ್ಥವಾಗಬೇಕು. ಅದಕ್ಕೇ ಪ್ರತಿ ಹಂತಕ್ಕೂ ಒಂದು ಪೂರ್ತಿ ಜಾಗದ ಚಿತ್ರ, ಒಂದು ಸಲಕರಣೆಯದು, ಒಂದು ಕೈಯದು ಇರಲೇಬೇಕೆಂದು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಬಹುಪಾಲು ಚಿತ್ರಗಳು ಫೋನಿನವು.

ಹುಳುಮನೆ (ಮುಗಿದಿದೆ)

ಇಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಕೈಕಾಲು ತೊಳೆಯಬೇಕು. ರೈತರು ಬಾಗಿಲಲ್ಲಿ ಇಟ್ಟಿರುವ ಸೋಂಕುನಿವಾರಕದಲ್ಲಿ ಕಾಲು ಅದ್ದಿ, ಟ್ರೈಪಾಡಿನ ಕಾಲುಗಳನ್ನೂ ಅದೇ ದ್ರಾವಣದಿಂದ ಒರೆಸಿಯೇ ಒಳಗೆ ಹೋಗಬೇಕು. ಸೆಂಟು, ಸೊಳ್ಳೆ ಮುಲಾಮು ಹಚ್ಚಿಕೊಂಡವರು ಹೊರಗೇ ಇರಬೇಕು. ಕೀಟ ಓಡಿಸುವ ಔಷಧ ಹುಳುವಿಗೂ ವಿಷವೇ. ಒಂದೇ ದಿನ ಎರಡು ಹುಳುಮನೆಗೆ ಹೋಗುವಂತಿಲ್ಲ. ಗೂಡಿನ ಮಾರುಕಟ್ಟೆಗೆ ಹೋದ ದಿನ ಹುಳುಮನೆಯ ಕಡೆ ತಲೆ ಹಾಕುವಂತಿಲ್ಲ. ಹಾಲು ರೋಗ, ಸುಣ್ಣಕಟ್ಟು, ಗಂಟು ರೋಗದ ಸೋಂಕು ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ಬಂದರೆ ಒಂದು ಬೆಳೆಯೇ ಹೋಗುತ್ತದೆ. ಎಂಥ ಒಳ್ಳೆಯ ಚಿತ್ರವೂ ಆ ನಷ್ಟಕ್ಕೆ ಸಮವಲ್ಲ. ಹೋಗುವ ದಿನವನ್ನು ರೈತರನ್ನು ಕೇಳಿಯೇ ಗೊತ್ತು ಮಾಡುತ್ತೇವೆ. ಹುಳು ಜ್ವರಕ್ಕೆ ಕೂತಿದ್ದರೆ, ಅಂದರೆ ಪೊರೆ ಬಿಡುವಾಗ, ಸುಮಾರು ಒಂದು ದಿನ ಮೇವು ಬಿಟ್ಟು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಆಗ ತಟ್ಟೆ, ಹಾಸಿಗೆ ಯಾವುದನ್ನೂ ಮುಟ್ಟಬಾರದು.

ಬೆಳಕೇ ಇಲ್ಲಿನ ದೊಡ್ಡ ತೊಡಕು. ಕಿಟಕಿಗೆ ಹಸಿರು ನೆರಳುಬಲೆ, ಬೇಸಿಗೆಯಲ್ಲಿ ಅದರ ಮೇಲೆ ಒದ್ದೆ ಗೋಣಿ, ಒಳಗೆ ಬಿಳಿ ಎಲ್‌ಇಡಿ ಟ್ಯೂಬು. ಮೂರೂ ಸೇರಿದರೆ ಹುಳುವಿನ ಮೈ ಒಂದು ಕಡೆ ಹಸಿರಾಗಿ, ಇನ್ನೊಂದು ಕಡೆ ನೀಲಿಯಾಗಿ ಬರುತ್ತದೆ, ಆಮೇಲೆ ಸರಿಪಡಿಸಲು ಆಗುವುದಿಲ್ಲ. ಒಂದೇ ಬೆಳಕನ್ನು ಆರಿಸಿಕೊಂಡು ಮಿಕ್ಕದ್ದನ್ನು ನಂದಿಸುವುದು ಅಥವಾ ಮರೆಮಾಡುವುದೇ ದಾರಿ. ಆ ಬೆಳಕಿನಲ್ಲಿ ಬೂದು ಕಾರ್ಡು ಹಿಡಿದು ಒಂದು ಚಿತ್ರ ತೆಗೆದು ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಲಾಕ್ ಮಾಡಿದರೆ ಇಡೀ ಸರಣಿಯ ಬಣ್ಣ ಒಂದೇ ತೆರನಾಗಿರುತ್ತದೆ. ಟ್ಯೂಬಿನ ಬೆಳಕೇ ಗತಿ ಎಂದಾದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡ್. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬೇರೆ ವೇಗದಲ್ಲಿ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟಿ ಬೀಳಬಹುದು. ಫ್ಲ್ಯಾಶ್ ಬೇಡ.

ಐದನೇ ಹಂತದ (ನಾಲ್ಕನೇ ಸಲ ಪೊರೆ ಬಿಟ್ಟ ಮೇಲಿನ) ಹುಳು ಸೊಪ್ಪು ತಿನ್ನುವುದನ್ನು ಮೇಲಿನಿಂದ ತೆಗೆದರೆ ಬರೀ ಬೆನ್ನುಗಳ ರಾಶಿ. ಲೆನ್ಸನ್ನು ಎಲೆಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ನೋಡಬೇಕು: ಹುಳು ಎಲೆಯಂಚನ್ನು ಮುಂಗಾಲುಗಳ ನಡುವೆ ಹಿಡಿದು ತಲೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಾ ಕಮಾನಿನಂತೆ ಕತ್ತರಿಸುತ್ತದೆ, ಮತ್ತೆ ಮೇಲಕ್ಕೆ ಹೋಗಿ ಅಲ್ಲಿಂದಲೇ ಶುರು ಮಾಡುತ್ತದೆ. ತಲೆ ಮೇಲಕ್ಕೆ ಹೋದ ಆ ಅರೆಕ್ಷಣವೇ ನಿಂತ ಚಿತ್ರ ಸಿಗುವ ಸಮಯ.

ಚಂದ್ರಿಕೆ (ಮುಗಿದಿದೆ)

ಹಣ್ಣಾದ ಹುಳು ಮೇವು ಬಿಡುತ್ತದೆ, ಮೈ ಕುಗ್ಗಿ ಅರೆಪಾರದರ್ಶಕವಾಗುತ್ತದೆ. ಕಿಟಕಿಯ ಬೆಳಕಿಗೆ ಎದುರಾಗಿ ಅಂಗೈ ಮೇಲಿಟ್ಟುಕೊಂಡು ತೆಗೆದರೆ ಮಾತ್ರ ಇದು ಕಾಣುತ್ತದೆ, ಮುಂದಿನಿಂದ ಬೆಳಕು ಬಿದ್ದರೆ ಸಾಮಾನ್ಯ ಹುಳುವಿನಂತೆಯೇ ಇರುತ್ತದೆ. ಆರಿಸುವ ಹೆಂಗಸರೂ ಹೀಗೇ ಬೆಳಕಿಗೆ ಹಿಡಿದು ನೋಡುತ್ತಾರೆ, ಆದ್ದರಿಂದ ಇದಕ್ಕೆ ಯಾರನ್ನೂ ನಿಲ್ಲಿಸಿ ಭಂಗಿ ಕೇಳಬೇಕಾಗಿಲ್ಲ.

ಗೂಡು ಕಟ್ಟುವುದರ ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಸೇರಿಸಿದ ವಿಡಿಯೊ) ಮಾಲೆಯ ಅತಿ ಕಷ್ಟದ ತುಣುಕು. ಗೂಡು ಮುಗಿಯಲು ಎರಡರಿಂದ ಮೂರು ದಿನ ಬೇಕು, ಆದರೆ ಮೊದಲ ದಿನ ಕಳೆಯುವಷ್ಟರಲ್ಲಿ ಗೋಡೆ ದಪ್ಪವಾಗಿ ಒಳಗಿನ ಹುಳು ಮರೆಯಾಗುತ್ತದೆ. 2 ನಿಮಿಷಕ್ಕೊಂದರಂತೆ 48 ಗಂಟೆ ತೆಗೆದರೆ 1440 ಚಿತ್ರ, ಸೆಕೆಂಡಿಗೆ 24ರ ಲೆಕ್ಕದಲ್ಲಿ ಒಂದು ನಿಮಿಷದ ವಿಡಿಯೊ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಿಳಿ ಉಂಡೆ. 30 ಸೆಕೆಂಡಿಗೊಂದರಂತೆ ಮೊದಲ 12 ಗಂಟೆ ಮಾತ್ರ ತೆಗೆದರೂ ಅಷ್ಟೇ 1440 ಚಿತ್ರ. ಆಧಾರದ ಎಳೆಗಳು, ಎಂಟರ ಆಕಾರದಲ್ಲಿ ಆಡುವ ತಲೆ, ತೆಳು ಗೋಡೆ ಎಲ್ಲವೂ ಇದರಲ್ಲೇ ಸಿಗುತ್ತವೆ. ಚಿತ್ರಕ್ಕೆ 4 ಎಂಬಿ ಹಿಡಿದರೆ ಸುಮಾರು 6 ಜಿಬಿ ಜಾಗ ಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಪವರ್ ಬ್ಯಾಂಕಿಗೆ ಸಿಕ್ಕಿಸಬೇಕು, ಬೆನ್ನಿನ ಕವರ್ ತೆಗೆಯಬೇಕು, ಇಲ್ಲದಿದ್ದರೆ ಬಿಸಿಯಾಗಿ ನಡುವೆ ನಿಲ್ಲುತ್ತದೆ. ಫೋಕಸ್ ಮ್ಯಾನುಯಲ್ಲೇ ಇರಲಿ. ಆಟೋದಲ್ಲಿ ಬಿಟ್ಟರೆ ಮುಂದೆ ಬಂದ ಹೊಸ ಎಳೆಗೆ ಹಾರಿ ಹುಳು ಮಸುಕಾಗುತ್ತದೆ.

ಬೆಳಕು ಒಂದೇ ಸಮ ಇರಲೆಂದು ರಟ್ಟಿನ ಡಬ್ಬಿ ಮುಚ್ಚಿ ಒಳಗೆ ಎಲ್‌ಇಡಿ ಇಡುವ ಉಪಾಯ ಸುಲಭವೆನಿಸಿದರೂ ಹಾಗೇ ಮಾಡಬಾರದು. ಗೂಡು ಕಟ್ಟುವ ಮೊದಲು ಹುಳು ಮೂತ್ರ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ತೇವ ಏರಿ ಗೂಡು ಕೆಡುತ್ತದೆ. ನಾಲ್ಕೂ ಬದಿಗೆ ಅಗಲ ಕಿಂಡಿ ಕೊಯ್ದು, ದೀಪದ ಮುಂದೆ ಬಟರ್ ಪೇಪರ್ ಕಟ್ಟಿ ಮಂದ ಬೆಳಕಿಟ್ಟರೆ ಸರಿ. ರೈತರ ಚಂದ್ರಿಕೆಯ ಮೇಲೆ ದೀಪ ಹಾಕಲೇಬಾರದು. ಹುಳುಗಳು ನೆರಳಿನ ಕಡೆಗೆ ಸರಿದು ಒತ್ತಾಗಿ ಸೇರುತ್ತವೆ, ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅಂಥ ಜೋಡಿ ಗೂಡಿನಿಂದ ಸಲೀಸಾಗಿ ನೂಲು ಬರುವುದಿಲ್ಲ. ಚಿತ್ರಕ್ಕೆಂದು ನಾಲ್ಕೈದು ಹುಳು ಕೇಳಿ ಪಡೆದು ಚಂದ್ರಿಕೆಯ ಬೇರೆ ತುಂಡಿನ ಮೇಲೆ ಬಿಡುವುದೇ ಸರಿ.

ನೂಲು ಬಿಚ್ಚುವುದು (ನಡೆಯುತ್ತಿದೆ)

ಮೊದಲು ಸುರಕ್ಷತೆ. ಬೆಲ್ಟು, ಪುಲ್ಲಿ, ತಿರುಗುವ ರಾಟೆ ಎಲ್ಲವೂ ತೆರೆದೇ ಇರುತ್ತವೆ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಕ್ಯಾಮೆರಾ ಪಟ್ಟಿ ಕುತ್ತಿಗೆಯಿಂದ ತೆಗೆದು ಮಣಿಕಟ್ಟಿಗೆ ಸುತ್ತಿಕೊಳ್ಳಬೇಕು. ನೆಲ ಒದ್ದೆ, ಜಾರುತ್ತದೆ.

ಒಳಗೆ ಹೋದ ಕೂಡಲೇ ತಣ್ಣಗಿನ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ, ಏಕೆಂದರೆ ಗಾಜು ಇನ್ನೂ ತಣ್ಣಗೇ ಇದೆ. ಚೀಲದ ಜಿಪ್ ಮುಚ್ಚಿಟ್ಟೇ 15-20 ನಿಮಿಷ ಘಟಕದೊಳಗೆ ಇಟ್ಟು ಆಮೇಲೆ ತೆರೆದರೆ ಈ ಕಾಟ ಇಲ್ಲ. ಹಬೆಯನ್ನೇ ಚಿತ್ರದಲ್ಲಿ ತೋರಿಸಬೇಕಾದರೆ ಹಿಂದೆ ಕಪ್ಪು ಗೋಡೆ, ಬೆಳಕು ಪಕ್ಕದಿಂದ ಅಥವಾ ಹಿಂದಿನಿಂದ. ಎದುರಿನಿಂದ ಬಂದ ಬೆಳಕಿಗೆ ಚಿತ್ರವೆಲ್ಲ ಮಬ್ಬಾಗುತ್ತದೆ.

ನೂಲಿನ ಎಳೆ ಹಿಡಿಯುವುದು ಇನ್ನೂ ಪೂರ್ತಿ ಕೈಗೂಡಿಲ್ಲ. ಎಂಟು-ಹತ್ತು ಗೂಡುಗಳ ಎಳೆ ಸೇರಿದರೂ ನೂಲು ಸುಮಾರು 20 ಡೆನಿಯರ್, ಅಂದರೆ 9000 ಮೀಟರಿಗೆ 20 ಗ್ರಾಂ ತೂಕ. ಹಿಂದೆ ಕಪ್ಪು ಬಟ್ಟೆ ತೂಗುಹಾಕಿ, ಕಿಟಕಿಯ ಬೆಳಕು ಹಿಂದಿನಿಂದ ಓರೆಯಾಗಿ ಬೀಳುವ ಕಡೆ ನಿಂತರೆ ಮಾತ್ರ ಅದು ಹೊಳೆಯುವ ಗೆರೆಯಾಗಿ ಕಾಣುತ್ತದೆ. ಒಂದು ಗೂಡು ಮುಗಿದಾಗ ಬಿಚ್ಚುವವರು ಹೊಸ ಎಳೆಯನ್ನು ಬೆರಳಿನಿಂದ ಚಿಮ್ಮಿ ಓಡುವ ನೂಲಿಗೆ ಅಂಟಿಸುತ್ತಾರೆ. ಇಡೀ ಘಟಕದಲ್ಲಿ ಅತಿ ಹೆಚ್ಚು ಕುಶಲತೆ ಇರುವುದು ಆ ಚಿಮ್ಮಿಗೆಯಲ್ಲಿ. ಫೋನಿನ ನೈಟ್ ಮೋಡ್ ಹಲವು ಚಿತ್ರ ಸೇರಿಸಿ ಒಂದು ಮಾಡುವುದರಿಂದ ಬೆರಳುಗಳು ಎರಡೆರಡಾಗಿ ಕಲಸಿಹೋಗುತ್ತವೆ. ಪ್ರೊ ಮೋಡಿನಲ್ಲಿ ಶಟರ್ 1/500, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 1600ರಿಂದ 3200, ಬರ್ಸ್ಟ್ (ಒಂದೇ ಸಮನೆ ಹಲವು ಚಿತ್ರ). ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ಬೆರಳು ಸ್ಪಷ್ಟವಿರಬೇಕು. ಬಿಸಿನೀರಿನಲ್ಲಿ ದಿನವೆಲ್ಲ ನೆನೆದು ಬಿಳಿಚಿದ ಚರ್ಮವೂ ಹಾಗೇ ಉಳಿಯಬೇಕು. ಬ್ಯೂಟಿ ಫಿಲ್ಟರ್ ಆಫ್ ಆಗಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಬೇಕು. ಮುಖ ತೋರಿಸಲು ಒಪ್ಪದವರದು ಕೈ ಮಾತ್ರ, ಅದನ್ನೂ ಕೇಳಿಯೇ.

ಪ್ರಿಂಟು

ಗಾತ್ರ 8×12 ಇಂಚು. 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 2400×3600 ಪಿಕ್ಸೆಲ್ ಸಾಕು, 12 ಮೆಗಾಪಿಕ್ಸೆಲ್ ಫೋನಿಗೆ ಇದು ಆರಾಮ. ಡಿಜಿಟಲ್ ಜೂಮ್ ಮಾಡಿದ್ದು ಮಾತ್ರ ಆಗದು. ಬಿಳಿ ಗೂಡಿನ ರಾಶಿಯನ್ನು ಕ್ಯಾಮೆರಾ ಬೂದು ಮಾಡುತ್ತದೆ, ಎಕ್ಸ್‌ಪೋಷರ್ +0.7ರಿಂದ +1 ಏರಿಸಿ ತೆಗೆದಿರಬೇಕು. ಹಳದಿ ಗೂಡಿಗೆ ತೊಡಕು ಲ್ಯಾಬಿನಲ್ಲಿ: ಅಲ್ಲಿನ ಯಂತ್ರ ತಾನಾಗಿಯೇ ಬಣ್ಣ ತಿದ್ದಿ ಮಿಶ್ರತಳಿ ಗೂಡಿನ ಹಳದಿಯನ್ನು ತೊಳೆದುಬಿಡುತ್ತದೆ. ‘ಕರೆಕ್ಷನ್ ಬೇಡ’ ಎಂದು ಆರ್ಡರಿನಲ್ಲೇ ಬರೆಸಿ, ಮೊದಲು ಒಂದನ್ನು ಮಾತ್ರ ಮಾಡಿಸಿ ಗೂಡಿನ ಪಕ್ಕ ಇಟ್ಟು ನೋಡಬೇಕು. ಮೊದಲ ಪ್ರತಿ ಚಿತ್ರದಲ್ಲಿರುವವರಿಗೇ ಸೇರಬೇಕು.

ಮುಂದಿನದು ಹುರಿ ಮಿಲ್ಲು. ಕದಿರುಗಳ ಸುತ್ತು ಕಾಣಲು 1/8ರಿಂದ 1/15 ಶಟರ್ ಬೇಕು, ಆದರೆ ಯಂತ್ರ ಓಡುವಾಗ ನೆಲವೇ ಅದುರುತ್ತದೆ. ಟ್ರೈಪಾಡಿನ ಪ್ರತಿ ಕಾಲಿನಡಿಗೂ ಹಳೇ ಸೈಕಲ್ ಟ್ಯೂಬನ್ನು ನಾಲ್ಕು ಮಡಿಕೆ ಮಡಿಸಿಟ್ಟು, ನಡುಕಂಬ ಮೇಲೆತ್ತದೆ, 2 ಸೆಕೆಂಡ್ ಟೈಮರಿನಲ್ಲಿ ಮೊದಲು ಪರೀಕ್ಷೆ ಮಾಡಬೇಕಿದೆ.