ಹೂವು ನೋಡಿ ನೆಟ್ಟೆ, ಬೀಜ ನೋಡಲಿಲ್ಲ

ಚಿಕ್ಕಬಳ್ಳಾಪುರದ ಸುತ್ತಮುತ್ತ ಗಾರ್ಡನ್ ಮಾಡಿಕೊಡುವುದು ನನ್ನ ಕೆಲಸ. ನಂದಿ ಬೆಟ್ಟದ ಕೆಳಗೆ ಈಗ ಫಾರ್ಮ್‌ಹೌಸ್‌ಗಳು ಜಾಸ್ತಿ. ಎಲ್ಲರೂ ಮೊದಲು ಕೇಳುವುದು ಲಾನ್. ಆದರೆ ಸಾವಿರ ಅಡಿ ಬೋರು ಕೊರೆಸಿದರೂ ನೀರು ಸಿಗದ ಜಾಗ ಇದು. ಬೇಸಿಗೆಯಲ್ಲಿ ದಿನಾ ಲಾನ್ ನೆನೆಸುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಪೊದೆಯಾಗಿ ಬೆಳೆಯುವ ಅಲಂಕಾರದ ಹುಲ್ಲುಗಳನ್ನು ಹಾಕತೊಡಗಿದೆ. ಒಮ್ಮೆ ಬೇರು ಬಿಟ್ಟರೆ ಕಡಿಮೆ ನೀರಲ್ಲೇ ಕೆಮ್ಮಣ್ಣಿನಲ್ಲಿ ಬದುಕುತ್ತವೆ. ಸಂಜೆ ಬಿಸಿಲಲ್ಲಿ ಅವು ಗಾಳಿಗೆ ಬಾಗುವುದನ್ನು ನೋಡಬೇಕು, ಅಷ್ಟು ಚೆಂದ.

ಒಂದು ಇಳಿಜಾರು ಜಾಗಕ್ಕೆ ಇನ್ನೂರು ಹಸಿರು ಫೌಂಟನ್ ಗ್ರಾಸ್ ನೆಟ್ಟೆ. ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕಿತ್ತು. ನರಿ ಬಾಲದಂಥ ಹೂವು ಬಂತು, ಮಾಲೀಕರಿಗೂ ಖುಷಿ.

ಮುಂದಿನ ಮಳೆಗಾಲದಲ್ಲಿ ಬೇಲಿಯಾಚೆ ರಾಗಿ ಹೊಲದವರು ಕರೆದರು. ಅವರ ಕೈಯಲ್ಲಿ ಎರಡು ಪೈರು. 'ನೋಡಪ್ಪಾ, ಇದರಲ್ಲಿ ರಾಗಿ ಯಾವ್ದು ಹೇಳು' ಅಂದರು. ನನಗೆ ಗೊತ್ತಾಗಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು. ರಾಗಿಯ ಬುಡ ಚಪ್ಪಟೆ, ಎಲೆ ಅಗಲ. ಇನ್ನೊಂದರ ಎಲೆ ಸಣ್ಣ, ಅಂಚು ಸವರಿದರೆ ಗರಗರ. ಅದು ನಾನು ನೆಟ್ಟ ಹುಲ್ಲಿನ ಮರಿ. ಬದುವಿನ ಮೇಲಂತೂ ಆಗಲೇ ಗಟ್ಟಿ ಬುಡ ಕಟ್ಟಿತ್ತು, ಗುದ್ದಲಿ ಇಲ್ಲದೆ ಬರಲಿಲ್ಲ. 'ಕಳೆ ಕೀಳೋ ಹೆಂಗಸ್ರಿಗೆ ಕೂಲಿ ಕೊಡೋನು ನಾನು ಕಣಪ್ಪಾ' ಅಂದರು. ಅವರು ಕೂಗಾಡಲಿಲ್ಲ. ಅದಕ್ಕೇ ನನಗೆ ಇನ್ನೂ ಜಾಸ್ತಿ ಸಂಕಟವಾಯಿತು.

ಆ ಬೀಜಕ್ಕೆ ಮೆತ್ತನೆಯ ಕೂದಲಿರುತ್ತದೆ. ಗಾಳಿಗೆ ಹಾರುತ್ತದೆ, ಬಟ್ಟೆಗೆ, ದನದ ಮೈಗೆ ಅಂಟಿಕೊಂಡು ಹೋಗುತ್ತದೆ. ಆಫ್ರಿಕಾ ಮೂಲದ ಈ ಹುಲ್ಲು ಹವಾಯಿ ದ್ವೀಪಗಳಲ್ಲಿ ಹಬ್ಬಿ, ಒಣಗಿದಾಗ ಕಾಡ್ಗಿಚ್ಚಿಗೆ ಸೌದೆಯಾಗಿದೆ. ತರುವ ಮುಂಚೆ ಇದನ್ನು ನಾನು ವಿಚಾರಿಸಬೇಕಿತ್ತು. ಹೊಲದ ಪಕ್ಕ ಕೆಲಸ ಮಾಡುವವನು ಬೀಜದ ಬಗ್ಗೆ ಕೇಳದೆ ಗಿಡ ತರಬಾರದು ಅಲ್ವಾ?

ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಮೊದಲು ತೆನೆಗಳನ್ನೆಲ್ಲ ಕೊಯ್ದು ಚೀಲಕ್ಕೆ ತುಂಬಿಸಿದೆವು. ಸುಮ್ನೆ ಕಿತ್ತು ಎಳೆದಾಡಿದ್ದರೆ ಬೀಜ ಇನ್ನಷ್ಟು ಉದುರುತ್ತಿತ್ತು. ಆಮೇಲೆ ಬುಡ ಅಗೆದೆವು. ಗೊಬ್ಬರದ ಗುಂಡಿಗೆ ಒಂದು ತೆನೆಯನ್ನೂ ಹಾಕಲಿಲ್ಲ.

ಈಗ ಅಲ್ಲಿ ಲಾವಂಚ ಇದೆ. ನಮ್ಮ ಕಡೆಯ ಲಾವಂಚ ಬೀಜದಿಂದ ಹಬ್ಬುವುದಿಲ್ಲ, ಬುಡ ಸೀಳಿಯೇ ನೆಡಬೇಕು. ಬೇರು ಹತ್ತು ಅಡಿ ಆಳಕ್ಕೆ ನೇರವಾಗಿ ಇಳಿಯುತ್ತದೆ, ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುವುದಿಲ್ಲ. ಬಣ್ಣ ಬೇಕು ಅಂದವರಿಗೆ ನೇರಳೆ ಫೌಂಟನ್ ಗ್ರಾಸ್ ಹಾಕುತ್ತೇನೆ. ಅದು ಮೊಳೆಯುವ ಬೀಜ ಕಟ್ಟುವುದು ತೀರಾ ಅಪರೂಪ. ಅಡುಗೆಮನೆ ಹಿಂದೆ ಮಜ್ಜಿಗೆ ಹುಲ್ಲು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಅರ್ಧ ಅಡಿ ಬಿಟ್ಟು ಕೊಯ್ದರೆ ಎಲ್ಲವೂ ಹೊಸದಾಗಿ ಚಿಗುರುತ್ತವೆ.

ಆ ರಾಗಿ ಹೊಲಕ್ಕೆ ಪ್ರತಿ ವರ್ಷ ಮೊದಲ ಕಳೆಗೆ ನಾನೂ ಹೋಗುತ್ತೇನೆ. ಈ ಸಲ ಬದುವಿನಲ್ಲಿ ಮೂರು ಬುಡ ಸಿಕ್ಕವು. ಪೈರಿನ ನಡುವೆ ಒಂದು. ಅದನ್ನು ಅಂಚು ಸವರಿ ನೋಡಿ ನಾನೇ ಗುರುತು ಹಿಡಿದೆ.