ಕೋಳಿ ರೆಕ್ಕೆ, ಬೆಣ್ಣೆ, ರಂಜಕ

ವಿಂಗ್ಸ್ ಮಾಡಬೇಕೆಂದರೆ ಯಾವ ಮಸಾಲೆ, ಯಾವ ಸಾಸ್ ಅನ್ನುವುದೆಲ್ಲ ಆಮೇಲಿನ ಮಾತು. ಚರ್ಮ ಇರುವ ರೆಕ್ಕೆಯೋ, ಸುಲಿದ ರೆಕ್ಕೆಯೋ ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಬೆಳಗಾವಿಯ ಚಿಕನ್ ಅಂಗಡಿಗೆ ಹೋಗಿ ಸುಮ್ಮನೆ "ಒಂದ್ ಕಿಲೋ ಕೊಡ್ರಿ" ಅಂದರೆ ಸಾಮಾನ್ಯವಾಗಿ ಪುಕ್ಕದ ಸಮೇತ ಚರ್ಮ ಎಳೆದು ತೆಗೆದೇ ಕೊಡುತ್ತಾರೆ. ಸಾರಿಗೆ, ಸುಕ್ಕಾಕ್ಕೆ ಅದೇ ಸರಿ. ರೆಕ್ಕೆಗೆ ಮಾತ್ರ ಅದು ನಷ್ಟ. ಅದರಲ್ಲಿ ಮಾಂಸ ಇರುವುದೇ ಎರಡು ತುತ್ತು; ಗರಿಗರಿ ಅನ್ನಿಸುವುದು ಚರ್ಮ, ಒಳಗೆ ಮೆತ್ತಗೆ ಇಡುವುದು ಆ ಚರ್ಮದಡಿಯ ಕೊಬ್ಬು.

ಹಾಗಾಗಿ ಹೇಳುವುದು ಹೀಗೆ: "ಅಣ್ಣಾ, ಸ್ಕಿನ್ ತೆಗೀಬ್ಯಾಡ್ರಿ, ಮಷಿನ್‌ಗೆ ಹಾಕ್ರಿ." ಮಷಿನ್ ಅಂದರೆ ಒಳಗೆ ರಬ್ಬರಿನ ಬೆರಳುಗಳಿರುವ ತಿರುಗುವ ಡ್ರಮ್. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕೋಳಿಯನ್ನು ಒಂದು ನಿಮಿಷದಷ್ಟು ಅದ್ದಿ ಹಾಕಿದರೆ ಪುಕ್ಕ ಮಾತ್ರ ಉದುರಿ ಚರ್ಮ ಉಳಿಯುತ್ತದೆ. ನೀರು ಕುದಿಯುತ್ತಿದ್ದರೆ ಚರ್ಮ ಅರೆಬೆಂದು ಹರಿದು ಬರುತ್ತದೆ. ಸಣ್ಣ ಮುಳ್ಳುಪುಕ್ಕ ಉಳಿದಿದ್ದರೆ ಮನೆಗೆ ತಂದು ಅರಿಶಿನ ಸವರಿ ಗ್ಯಾಸ್ ಉರಿಯ ಮೇಲೆ ಎರಡು ಸಲ ಆಡಿಸಿದರೆ ಸಾಕು, ನಾಟಿ ಕೋಳಿಗೆ ಮಾಡುವ ಹಾಗೆಯೇ.

ಇನ್ನೊಂದು ಲೆಕ್ಕ. ಬ್ರಾಯ್ಲರ್ ಕೋಳಿಯ ಒಂದು ರೆಕ್ಕೆ ಹೆಚ್ಚೂಕಡಿಮೆ 80ರಿಂದ 90 ಗ್ರಾಂ ತೂಗುತ್ತದೆ. ಒಂದು ಕಿಲೋಗೆ 11–12 ರೆಕ್ಕೆ, ಅಂದರೆ ಆರು ಕೋಳಿ ಬೇಕು. ಎದುರಿಗೇ ಕೊಯ್ದು ಕೊಡುವ ಅಂಗಡಿಯಲ್ಲಿ ನಿಮಗಾಗಿ ಆರು ಕೋಳಿ ಯಾರೂ ಕೊಯ್ಯುವುದಿಲ್ಲ. ಹಿಂದಿನ ದಿನವೇ ಹೇಳಿಡಬೇಕು. ರವಿವಾರ ಮಧ್ಯಾಹ್ನದ ಹೊತ್ತಿಗೆ ಬೋನ್‌ಲೆಸ್, ಲೆಗ್ ಪೀಸ್ ಕೇಳಿದವರ ಕೋಳಿಗಳಿಂದ ರೆಕ್ಕೆ ಒಟ್ಟಾಗಿರುತ್ತವೆ. ಸೋಮವಾರ, ಶ್ರಾವಣ ಮಾಸದಲ್ಲಿ ವ್ಯಾಪಾರವೇ ತಣ್ಣಗಿರುವುದರಿಂದ ಆ ದಿನಗಳನ್ನು ನಂಬಿಕೊಳ್ಳಬೇಡಿ.

ರೆಕ್ಕೆಗೆ ಮೂರು ಭಾಗ. ಮೈಗೆ ಅಂಟಿದ ದಪ್ಪ ತುಂಡಿನಲ್ಲಿ ಒಂದೇ ಎಲುಬು, ನೋಡಲು ಸಣ್ಣ ಕಾಲಿನಂತೆ ಇರುತ್ತದೆ. ನಡುವಿನ ಚಪ್ಪಟೆ ತುಂಡಿನಲ್ಲಿ ಒಂದು ದಪ್ಪ, ಒಂದು ತೆಳು, ಹೀಗೆ ಎರಡು ಎಲುಬು. ಕೊನೆಗೆ ತುದಿ. ಅಂಗಡಿಯ ಕತ್ತಿಯಿಂದ ಕಡಿಸಿದರೆ ಎಲುಬು ಚೂರಾಗಿ ಹಲ್ಲಿಗೆ ಸಿಗುತ್ತದೆ, ಮನೆಯಲ್ಲೇ ಬಿಡಿಸಿಕೊಳ್ಳುವುದು ಮೇಲು. ರೆಕ್ಕೆಯನ್ನು ಬಿಚ್ಚಿ ಹಿಡಿದು ಸಂದನ್ನು ಹಿಂದಕ್ಕೆ ಮಡಚಿ. ಟಕ್ ಅಂತ ಗುಂಡು ಮೇಲೆ ಬರುತ್ತದೆ. ಆ ಗುಂಡಿನ ಪಕ್ಕದ ಸಂದಿಗೆ ಚೂರಿ ಇಟ್ಟು ಒತ್ತಿದರೆ ಬೆಣ್ಣೆಯ ಹಾಗೆ ಇಳಿಯಬೇಕು. ಚೂರಿಗೆ ಗಟ್ಟಿ ತಗುಲಿದರೆ ನೀವು ಎಲುಬಿನ ಮೇಲಿದ್ದೀರಿ, ಒಂದು ಜೋಳದ ಕಾಳಿನಷ್ಟು ಆಚೀಚೆ ಸರಿಸಿ. ತುದಿಗಳನ್ನು ಎಸೆಯಬೇಡಿ. ಹನ್ನೆರಡು ತುದಿಗೆ ಒಂದು ಲೀಟರ್ ನೀರು, ಒಂದು ಉಳ್ಳಾಗಡ್ಡಿ, ಹತ್ತು ಮೆಣಸಿನಕಾಳು ಹಾಕಿ ಕುಕ್ಕರ್‌ನಲ್ಲಿ ಐದಾರು ಸೀಟಿ ಕೂಗಿಸಿದರೆ ಅಂಟಂಟಾದ ಒಳ್ಳೆ ಕಟ್ಟು ಸಿಗುತ್ತದೆ.

ತೊಳೆಯುವುದಾದರೆ ನಲ್ಲಿಯನ್ನು ಜೋರಾಗಿ ಬಿಟ್ಟು ತೊಳೆಯಬೇಡಿ, ಹಸಿ ಕೋಳಿಯ ನೀರು ಸಿಂಕಿನ ಸುತ್ತ ಸಿಡಿದು ರೋಗಾಣು ಹರಡುತ್ತದೆ. ಬೋಗುಣಿಯಲ್ಲಿ ಮೆಲ್ಲಗೆ ಅದ್ದಿ ತೆಗೆದು, ಒಂದೊಂದನ್ನೂ ಬಟ್ಟೆಯಿಂದ ಒತ್ತಿ ಒರೆಸಿ. ಈ ಒರೆಸುವ ಕೆಲಸಕ್ಕೆ ಬೇಸರಪಟ್ಟವರ ವಿಂಗ್ಸ್ ಗರಿಗರಿ ಆಗುವುದೇ ಇಲ್ಲ. ಚರ್ಮದ ಮೇಲಿನ ನೀರು ಆರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೆಂಪಗೆ ಹುರಿಯುವುದು ಅದರಾಚೆಗೇ. ಒರೆಸಿದ ಮೇಲೆ ಕಿಲೋಗೆ ಎರಡು ಸಪಾಟು ಟೀ ಚಮಚ ಉಪ್ಪು, ಸುಮಾರು 12 ಗ್ರಾಂ, ಸವರಿ ಸ್ಟೀಲ್ ಜರಡಿಯಲ್ಲಿ ಹರಡಿ, ಕೆಳಗೊಂದು ತಾಟು ಇಟ್ಟು, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಮುಚ್ಚದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚರ್ಮ ಮುಟ್ಟಿದರೆ ಕಾಗದದ ಹಾಗೆ ಒಣಗಿರಬೇಕು.

ಚರ್ಮ ಇರುವ ರೆಕ್ಕೆಗೆ ಓವನ್ ಸಾಕು, ಎಣ್ಣೆ ಬೇಕಿಲ್ಲ. ಆದರೆ ಇಲ್ಲಿ ರಾತ್ರಿ ಸವರುವಾಗಲೇ ಉಪ್ಪನ್ನು ಒಂದೇ ಟೀ ಚಮಚಕ್ಕೆ ಇಳಿಸಿ, ಅದರ ಜೊತೆ ಒಂದು ಸಪಾಟು ಟೇಬಲ್ ಚಮಚ ಬೇಕಿಂಗ್ ಪೌಡರ್ ಬೆರೆಸಿ ಸವರಬೇಕು. ಪೌಡರಿನಲ್ಲೂ ಸೋಡಿಯಂ ಇರುತ್ತದೆ. ಅದರ ಕ್ಷಾರದಿಂದ ಚರ್ಮ ಬೇಗ ಕೆಂಪಗಾಗುತ್ತದೆ, ಸಣ್ಣ ಗುಳ್ಳೆ ಎದ್ದು ಗರಿಯಾಗುತ್ತದೆ. ಪೌಡರ್ ಇಲ್ಲ ಅಂತ ಅಡುಗೆ ಸೋಡಾವನ್ನು ಅದೇ ಅಳತೆಯಲ್ಲಿ ಹಾಕಿದರೆ ಸಾಬೂನಿನ ರುಚಿ ಬಂದು ಇಡೀ ಕಿಲೋ ಹಾಳು. ಓವನ್‌ನಲ್ಲಿ ಜಾಲರಿಯ ಮೇಲೆ ಮೊದಲು 120 ಡಿಗ್ರಿಯಲ್ಲಿ 30 ನಿಮಿಷ, ಕೊಬ್ಬು ಕರಗಿ ಇಳಿಯಲು. ಆಮೇಲೆ 220 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಏರ್ ಫ್ರೈಯರ್ ಆದರೆ 180ರಲ್ಲಿ 20 ನಿಮಿಷ, ನಡುವೆ ಒಮ್ಮೆ ಮಗುಚಿ, ಕೊನೆಗೆ 200ರಲ್ಲಿ ಐದಾರು ನಿಮಿಷ. ಒಂದರ ಮೇಲೊಂದು ಪೇರಿಸಿದರೆ ಅದು ಹುರಿಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ.

ಸುಲಿದ ರೆಕ್ಕೆಯೇ ಕೈಗೆ ಬಂದಿದ್ದರೆ ಓವನ್ ಆಸೆ ಬಿಡಿ, ತೊಗಲಿನ ಚಪ್ಪಲಿ ಆಗುತ್ತದೆ. ಅದಕ್ಕೊಂದು ಹೊಸ ಚರ್ಮ ತೊಡಿಸಬೇಕು, ಅದಕ್ಕೆ ನಮ್ಮ ಜೋಳದ ಹಿಟ್ಟು ಇದೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲದ ಕಾರಣ ಕರಿದ ಮೇಲೆ ಎಳೆಯುವುದಿಲ್ಲ, ಕುರುಂ ಕುರುಂ ಅನ್ನುತ್ತದೆ. ಅಂಟಿಲ್ಲದ್ದೇ ತೊಂದರೆಯೂ ಹೌದು. ಬರೀ ಜೋಳದ ಹಿಟ್ಟು ಎಣ್ಣೆಯಲ್ಲಿ ಉದುರಿ ತಳ ಸೇರಿ ಕರಕಲಾಗುತ್ತದೆ. ಉಪ್ಪು ಸವರಿದ ಒಂದು ಕಿಲೋ ರೆಕ್ಕೆಗೆ ಒಂದು ಮೊಟ್ಟೆಯ ಬಿಳಿ, ಒಂದು ಚಮಚ ಹಸಿಶುಂಠಿ ಬಳ್ಳೊಳ್ಳಿ ಪೇಸ್ಟ್, ಎರಡು ಚಮಚ ಬ್ಯಾಡಗಿ ಖಾರಪುಡಿ ಹಚ್ಚಿ. ಮೇಲೆ ನಾಲ್ಕು ಟೇಬಲ್ ಚಮಚ ಜೋಳದ ಹಿಟ್ಟು, ನಾಲ್ಕು ಟೇಬಲ್ ಚಮಚ ಕಾರ್ನ್‌ಫ್ಲೋರ್ ಉದುರಿಸಿ ಹೊರಳಾಡಿಸಿ ಹದಿನೈದು ನಿಮಿಷ ಬಿಡಿ. ಒಣ ಹಿಟ್ಟು ಕಾಣದಂತೆ ಒದ್ದೆಯಾದ ಮೇಲೆಯೇ ಎಣ್ಣೆಗೆ ಹೋಗಬೇಕು. ಹಿಟ್ಟು ಸಣ್ಣಗೆ ಬೀಸಿದ್ದು, ಹೊಸದು ಆಗಿರಲಿ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ ಅನ್ನುವುದು ರೊಟ್ಟಿ ಬಡಿಯುವ ಯಾರಿಗೂ ಹೇಳಬೇಕಾಗಿಲ್ಲ.

ಕರಿಯಲು ರಿಫೈಂಡ್ ಶೇಂಗಾ ಎಣ್ಣೆ. ಗಾಣದ ಎಣ್ಣೆಯ ಪರಿಮಳ ಎಷ್ಟೇ ಚಂದ ಇದ್ದರೂ ಅದು ಬೇಗ ಹೊಗೆಯಾಡುತ್ತದೆ, ಎರಡನೇ ಸಲದ ಕಾವಿಗೆ ತಾಳುವುದಿಲ್ಲ. ಹೌದು, ಎರಡು ಸಲ ಕರಿಯಬೇಕು. ಕಡಾಯಿಯ ಅರ್ಧಕ್ಕಿಂತ ಮೇಲೆ ಎಣ್ಣೆ ಬೇಡ, ಒಂದು ಸಲಕ್ಕೆ ಏಳೆಂಟು ತುಂಡು ಸಾಕು. ಮೊದಲ ಸಲ 150ರಿಂದ 160 ಡಿಗ್ರಿಯಲ್ಲಿ ಎಂಟು ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಕಲಸಿದ ಹಿಟ್ಟಿನ ಒಂದು ಹನಿ ಬಿಟ್ಟು ನೋಡಿ: ತಳಕ್ಕೆ ಇಳಿದು ನಿಧಾನವಾಗಿ ಮೇಲೆ ಬಂದರೆ ಈ ಕಾವು, ಇಳಿಯದೆ ತಟ್ಟನೆ ತೇಲಿದರೆ ಎರಡನೇ ಸಲದ ಕಾವು.

ಇಲ್ಲಿ ಕಿವಿಗೂ ಕೆಲಸ. ರೆಕ್ಕೆ ಬಿಟ್ಟ ಕೂಡಲೇ ಮಳೆ ಸುರಿದ ಹಾಗೆ ಸದ್ದು, ದೊಡ್ಡ ದೊಡ್ಡ ಗುಳ್ಳೆ. ಅದು ಒಳಗಿನ ನೀರು ಆವಿಯಾಗಿ ಹೊರಡುವ ಸದ್ದು. ಎಂಟು ನಿಮಿಷದ ಹೊತ್ತಿಗೆ ಗುಳ್ಳೆ ಸಣ್ಣಗಾಗಿ ಸದ್ದು ಇಳಿಯುತ್ತದೆ. ಆಗ ತೆಗೆದು ಜಾಲರಿಯ ಮೇಲೆ ಹತ್ತು ನಿಮಿಷ ಬಿಡಿ. ಬಣ್ಣ ಪೇಲವವಾಗಿಯೇ ಇರುತ್ತದೆ, ಗಾಬರಿ ಬೇಡ. ಆ ಹತ್ತು ನಿಮಿಷದಲ್ಲಿ ಒಳಗಿನ ತೇವ ಹೊರಪದರಕ್ಕೆ ಬರುತ್ತದೆ. ಕಾಯಿಸಿದ 190 ಡಿಗ್ರಿ ಎಣ್ಣೆಯಲ್ಲಿ ಎರಡರಿಂದ ಮೂರು ನಿಮಿಷ ಮತ್ತೆ ಬಿಟ್ಟಾಗ ಅದೂ ಹಾರಿ ಹೋಗಿ ಪದರ ಗಟ್ಟಿಯಾಗುತ್ತದೆ. ಒಂದೇ ಸಲ ಜೋರು ಉರಿಯಲ್ಲಿ ಕರಿದರೆ ಹೊರಗೆ ಕಪ್ಪು, ಸಂದಿನಲ್ಲಿ ಹಸಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಟ್ಟರೂ ಇದೇ ಗತಿ, ಇಪ್ಪತ್ತು ನಿಮಿಷ ಮೊದಲೇ ಹೊರಗಿಡಿ. ವಿಜಯಪುರದ ಏಪ್ರಿಲ್ ಬಿಸಿಲಾದರೆ ಹತ್ತೇ ನಿಮಿಷ.

ಬೆಂದಿದೆಯೋ ಇಲ್ಲವೋ? ಒಳಗೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಆದರೆ ರೆಕ್ಕೆಗೆ ಅಲ್ಲಿಗೇ ನಿಲ್ಲಿಸಬಾರದು. ಸಂದಿನ ನರ, ಅಂಟು ಕರಗಿ ಮಾಂಸ ಎಲುಬು ಬಿಡುವುದು 85–90ರ ಹತ್ತಿರ. ಎದೆಮಾಂಸದಂತೆ ಇದು ಬೇಗ ಒಣಗುವುದಿಲ್ಲ, ಧೈರ್ಯವಾಗಿ ಬೇಯಿಸಬಹುದು. ಎಲುಬಿನ ಪಕ್ಕ ಕೆಂಪು ಕಂಡ ಮಾತ್ರಕ್ಕೆ ಹಸಿ ಅಂತಲ್ಲ. ಬ್ರಾಯ್ಲರ್ ಎಳೆಯ ಹಕ್ಕಿ, ಅದರ ಎಲುಬು ಪೂರ್ತಿ ಬಲಿತಿರುವುದಿಲ್ಲ. ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ, ಫ್ರೀಜ್ ಮಾಡಿದ್ದರೆ ಇನ್ನೂ ಗಾಢ. ಚಪ್ಪಟೆ ತುಂಡಿನ ತೆಳು ಎಲುಬನ್ನು ತಿರುಚಿದಾಗ ಸಲೀಸಾಗಿ ಕಳಚಿ ಬರಬೇಕು, ರಸ ತಿಳಿಯಾಗಿರಬೇಕು.

ಈಗ ಸಾಸ್. ಹೋಟೆಲಿನ ಮೆನುವಿನಲ್ಲಿ ಬಫಲೋ ವಿಂಗ್ಸ್ ಅಂತ ಓದಿ ಎಮ್ಮೆ ನೆನೆಯಬೇಡಿ, ಅದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಊರು. ಅಲ್ಲಿನ ಆಂಕರ್ ಬಾರ್‌ನಲ್ಲಿ 1964ರಲ್ಲಿ ತೆರೆಸಾ ಬೆಲಿಸಿಮೊ ಮಾಡಿದ್ದೆಂದು ಪ್ರಸಿದ್ಧಿ. ಸಾಸಿನ ಗುಟ್ಟು ಇಷ್ಟೇ: ಹಣ್ಣು ಮೆಣಸಿನಕಾಯಿ, ಉಪ್ಪು, ಬಳ್ಳೊಳ್ಳಿ, ಹುಳಿ ಸೇರಿ ಕಳಿತ ಖಾರ, ಅದಕ್ಕೆ ಬೆಣ್ಣೆ. ಆ ಖಾರದ ಪಟ್ಟಿಯನ್ನು ಇನ್ನೊಮ್ಮೆ ಓದಿ. ಚಳಿಗಾಲದಲ್ಲಿ ಕೆಂಪು ಹಸಿಮೆಣಸಿನಕಾಯಿ ಸಂತೆಗೆ ಬಂದಾಗ ನಮ್ಮ ಕಡೆ ಭರಣಿ ತುಂಬ ಹಾಕಿಡುವ ರಂಜಕ ಇದಲ್ಲದೆ ಮತ್ತೇನು? ನಮ್ಮದರಲ್ಲಿ ವಿನೆಗರ್ ಬದಲು ನಿಂಬೆರಸ, ಜೊತೆಗೆ ಮೆಂತ್ಯ. ದುಬಾರಿ ಬಾಟಲಿ ತರುವ ಮೊದಲು ಅಟ್ಟದ ಮೇಲಿನ ಭರಣಿ ಇಳಿಸಿ.

ಒಂದು ಕಿಲೋ ವಿಂಗ್ಸ್‌ಗೆ ಮೂರು ಟೇಬಲ್ ಚಮಚ ರಂಜಕ, 60 ಗ್ರಾಂ ಬೆಣ್ಣೆ, ಒಂದು ನಿಂಬೆಯ ರಸ, ಎರಡು ಟೀ ಚಮಚ ಬೆಲ್ಲದ ಪುಡಿ. ಬೆಲ್ಲ ಸಿಹಿಗಲ್ಲ, ಮೆಂತ್ಯದ ಕಹಿ ಅಡಗಿಸಲು. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ, ವಿಜಯಪುರ ಜಿಲ್ಲೆಯ ಇಂಡಿ ನಿಂಬೆ ಸಿಕ್ಕರೆ ಅದೇ ಇರಲಿ. ರಂಜಕವನ್ನು ಎರಡು ಚಮಚ ಬಿಸಿನೀರಿನೊಂದಿಗೆ ಮತ್ತೆ ನುಣ್ಣಗೆ ರುಬ್ಬಿ ಸೋಸಿ, ಇಲ್ಲವಾದರೆ ಬೀಜ ಒಂದೊಂದೇ ಅಂಟಿ ಖಾರ ಒಂದೆಡೆ ಸೇರುತ್ತದೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕೆಳಗಿಳಿಸಿ, ಆಮೇಲೆ ರಂಜಕ ಸ್ವಲ್ಪಸ್ವಲ್ಪವೇ ಹಾಕುತ್ತಾ ಕಡೆಯಿರಿ. ಒಲೆಯ ಮೇಲೇ ಕುದಿಸಿದರೆ ಬೆಣ್ಣೆ ಒಡೆದು ತುಪ್ಪ ಬೇರೆ, ಖಾರ ಬೇರೆ ಆಗುತ್ತದೆ. ಹಾಗಾದರೆ ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ಕಡೆದರೆ ಬಹಳ ಸಲ ಕೂಡಿಕೊಳ್ಳುತ್ತದೆ. ರಂಜಕದಲ್ಲಿ ಉಪ್ಪು ಬಿಗಿಯಾಗಿಯೇ ಇರುತ್ತದೆ, ಆದ್ದರಿಂದ ಬೆಣ್ಣೆ ಉಪ್ಪಿಲ್ಲದ ಮನೆಯ ಬೆಣ್ಣೆಯಾಗಲಿ. ದೊಡ್ಡ ಪರಾತದಲ್ಲಿ ಬಿಸಿ ವಿಂಗ್ಸ್ ಹಾಕಿ, ಮೇಲೆ ಸಾಸ್ ಸುರಿದು ನಾಲ್ಕು ಸಲ ಎತ್ತಿ ಹಾರಿಸಿ. ತಾಟಿಗೆ ಬಡಿಸಿ ಕರೆದರೆ ಬರುತ್ತೇನೆ ಅನ್ನುವವರಿಗೆ ಕಾಯಬೇಡಿ. ಐದು ನಿಮಿಷದ ಮೇಲೆ ಅದು ಬೇರೆಯೇ ತಿನಿಸು.

ಅಮೆರಿಕದಲ್ಲಿ ಇದರ ಜೊತೆ ಬ್ಲೂ ಚೀಸ್, ಸೆಲರಿ ಕೊಡುತ್ತಾರೆ. ಶ್ರೀಖಂಡಕ್ಕೆ ತರುವ ಚಕ್ಕಾ (ನೀರು ಬಸಿದ ಗಟ್ಟಿ ಮೊಸರು) 150 ಗ್ರಾಂ, ಎರಡು ಚಮಚ ಹಾಲು, ಒಂದು ಎಸಳು ಬಳ್ಳೊಳ್ಳಿ, ಒಂದು ಚಮಚ ಗುರೆಳ್ಳು ಪುಡಿ, ಚಿಟಿಕೆ ಉಪ್ಪು ಕಲಸಿದರೆ ಅದ್ದಿಕೊಳ್ಳಲು ಅದಕ್ಕಿಂತ ಚಂದ. ಪಕ್ಕಕ್ಕೆ ಹಕ್ಕರಕಿ, ಮೂಲಂಗಿ, ಸವತಿಕಾಯಿ. ರೊಟ್ಟಿ ಊಟದ ಹಸಿ ತರಕಾರಿಯೆಲ್ಲ ಇಲ್ಲಿಗೂ ಒಗ್ಗುತ್ತದೆ.

ಹೊರಗೆ ತಿನ್ನುವವರಿಗೆ. ಚಿಕನ್ ಲಾಲಿಪಾಪ್ ಕೂಡ ರೆಕ್ಕೆಯೇ. ಮಾಂಸವನ್ನು ಕೆರೆದು ಒಂದು ತುದಿಗೆ ಸರಿಸಿರುತ್ತಾರೆ ಅಷ್ಟೇ. ಮೆನುವಿನಲ್ಲಿ ಎರಡೂ ಇದ್ದು ಲಾಲಿಪಾಪ್ ಹೆಚ್ಚು ಹೋಗುವ ಕಡೆ ವಿಂಗ್ಸ್ ಕೇಳಿದರೆ ಉಳಿದ ಚಪ್ಪಟೆ ತುಂಡುಗಳೇ ಬರಬಹುದು. ಅದರಿಂದ ಬೇಸರ ಬೇಡ. ಚಪ್ಪಟೆ ತುಂಡಿನಲ್ಲಿ ಮಾಂಸದ ಲೆಕ್ಕಕ್ಕೆ ಚರ್ಮ ಜಾಸ್ತಿ, ರುಚಿಯೂ ಜಾಸ್ತಿ. ಆರ್ಡರ್ ಕೊಡುವಾಗ ಎರಡೇ ಪ್ರಶ್ನೆ: ಸ್ಕಿನ್ ಇದೆಯಾ, ಒಂದು ಪ್ಲೇಟಿಗೆ ಎಷ್ಟು ಪೀಸ್. ಸಾವಜಿ ಖಾನಾವಳಿಗೆ ಹೋಗಿ ವಿಂಗ್ಸ್ ಹುಡುಕುವುದು ಬೇಡ, ಅಲ್ಲಿ ರೆಕ್ಕೆ ಕೆಂಪು ರಸ್ಸಾದಲ್ಲಿ ಮುಳುಗಿರುತ್ತದೆ, ಅದರ ಸುಖವೇ ಬೇರೆ.

ಕೆಂಪು ಬಣ್ಣದ ಮೇಲೆ ಕಣ್ಣಿರಲಿ. ಕರ್ನಾಟಕದಲ್ಲಿ 2024ರ ಜೂನ್‌ನಿಂದ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದು ನಿಷೇಧ. ಬ್ಯಾಡಗಿಯ ಕೆಂಪು ಕರಿದ ಮೇಲೆ ಇಟ್ಟಿಗೆಯ ಕಡೆಗೆ ತಿರುಗುತ್ತದೆ. ಕರಿದ ಮೇಲೂ ಕುಂಕುಮದಂತೆ ಹೊಳೆಯುತ್ತಾ, ಪಕ್ಕದ ಉಳ್ಳಾಗಡ್ಡಿಗೆ ಬಣ್ಣ ಹತ್ತಿ, ಕೈ ತೊಳೆದರೂ ಉಗುರಿನಲ್ಲಿ ಉಳಿದರೆ ಅದು ಮೆಣಸಿನಕಾಯಿಯ ಕೆಲಸ ಇರಲಾರದು. ತಿಂದ ಮೇಲೆ ಗಂಟಲು ಕೆರೆದರೆ, ತುಂಡಿನ ತುಂಬ ಕಪ್ಪು ಚುಕ್ಕಿ ಇದ್ದರೆ ಎಣ್ಣೆ ಹಳೆಯದು.

ಪಾರ್ಸಲ್ ತರುವುದಾದರೆ ಸಾಸ್ ಬೇರೆ ಕಟ್ಟಿಸಿ, ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದೇ ಇರಲಿ, ಹಬೆ ಹೋಗಲು. ಮನೆಗೆ ಬಂದು ಮೈಕ್ರೋವೇವ್‌ಗೆ ಇಟ್ಟರೆ ಚರ್ಮ ರಬ್ಬರ್ ಆಗುತ್ತದೆ. ಏರ್ ಫ್ರೈಯರ್‌ನಲ್ಲಿ 180ರಲ್ಲಿ ಐದು ನಿಮಿಷ, ಅದಿಲ್ಲದಿದ್ದರೆ ರೊಟ್ಟಿ ಹಂಚಿನ ಮೇಲೆ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಮೂರ್ಮೂರು ನಿಮಿಷ. ಸಾಸ್ ಆಮೇಲೆ.